ಅನಗತ್ಯ ದೀಪಗಳನ್ನು ಆರಿಸಿ

ಉಡುಪಿಯಿಂದ ಕಾಪುವಿಗೆ ಖಾಸಗಿ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆ ಅರ್ಧ ಗಂಟೆ ಬೇರೆಯವರೆಲ್ಲ ಮೊಬೈಲು ತಿಕ್ಕುತ್ತಿದ್ದರೆ ರತ್ನಾವತಿ ಟೀಚರ್ ಬೋರ್ಡು ಓದುತ್ತಿದ್ದರು. ಓದಿ ಸುಮ್ಮನಾಗುವವರಲ್ಲ ಅವರು. ಬೋರ್ಡು ಬಾಯಿಬಿಟ್ಟು ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಏನೆಂದು ಹೊರಗೆಳೆಯುವುದು ಅವರ ಚಟ. ‘ಸರಿಯಾದ ಚಿಲ್ಲರೆ ಕೊಟ್ಟು ಸಹಕರಿಸಿ’ ಎಂದು ಬಸ್ಸಿನೊಳಗೆ ಬರೆದಿದ್ದರೆ, ಕಂಡಕ್ಟರನ ಚೀಲದಲ್ಲಿ ಚಿಲ್ಲರೆ ಇದ್ದರೂ ಅದು ನಿಮಗೆ ಸಿಗುವುದಿಲ್ಲ ಎಂದು ಮಾಲಕರು ಮೊದಲೇ ಒಪ್ಪಿಕೊಂಡಿದ್ದಾರೆ ಎಂದು ಅರ್ಥ. ಅವರು ಪಾಠ ಮಾಡುವ ಕಟ್ಟಡದ ಕೆಳಗೆ ‘ಲಿಫ್ಟ್ ಬಿಡಿ, ಮೆಟ್ಟಿಲು ಹತ್ತಿ, ವಿದ್ಯುತ್ ಉಳಿಸಿ’ ಎಂಬ ಫಲಕವಿತ್ತು. ಲಿಫ್ಟು ಕೆಟ್ಟು ಎರಡು ವರ್ಷವಾಗಿತ್ತು. ಇಲ್ಲಿ ಉಳಿಯುತ್ತಿರುವುದು ವಿದ್ಯುತ್ ಅಲ್ಲ, ರಿಪೇರಿಯ ಖರ್ಚು ಎಂದು ಟೀಚರ್ ಮೂರನೇ ಮಾಳಿಗೆ ತಲುಪುವಷ್ಟರಲ್ಲಿ ಏದುಸಿರು ಬಿಡುತ್ತಲೇ ಹೇಳಿ ಹುಡುಗರನ್ನು ನಗಿಸುತ್ತಿದ್ದರು.

ಚಟವೇ ಅವರ ಅನ್ನವೂ ಆಗಿತ್ತು. ಸರ್ಕಾರಿ ಹುದ್ದೆಗಳ ಪರೀಕ್ಷೆಗೆ ಕೂರುವವರಿಗೆ ತಾರ್ಕಿಕ ಸಾಮರ್ಥ್ಯ ಎಂಬ ವಿಷಯವುಂಟು. ಅದರಲ್ಲಿ ‘ಹೇಳಿಕೆ ಮತ್ತು ಊಹೆ’ ಎಂಬ ಭಾಗ. ಒಂದು ಪ್ರಕಟಣೆ ಕೊಡುತ್ತಾರೆ, ಅದರ ಕೆಳಗೆ ಎರಡು ಊಹೆ ಕೊಡುತ್ತಾರೆ. ಪ್ರಕಟಣೆ ಬರೆದವನು ಬಾಯಲ್ಲಿ ಹೇಳದೆ ಮನಸ್ಸಿನಲ್ಲಿ ಹಿಡಿದುಕೊಂಡ ಊಹೆ ಯಾವುದು ಎಂದು ಅಭ್ಯರ್ಥಿ ಗುರುತಿಸಬೇಕು. ಮೊದಲನೆಯದು ಮಾತ್ರ, ಎರಡನೆಯದು ಮಾತ್ರ, ಎರಡೂ, ಎರಡೂ ಅಲ್ಲ. ಉಡುಪಿಯ ಬಸ್ ನಿಲ್ದಾಣದ ಹಿಂದೆ ಪ್ರವೀಣನ ಕೋಚಿಂಗ್ ಸೆಂಟರಿನಲ್ಲಿ ಈ ಭಾಗವನ್ನು ಹದಿನಾರು ವರ್ಷ ಕಲಿಸಿದವರು ರತ್ನಾವತಿ ಟೀಚರ್. ಪ್ರವೀಣ ಅವರ ಮೊದಲ ಬ್ಯಾಚಿನ ಹುಡುಗ. ಮೂರು ಸಲ ಪರೀಕ್ಷೆ ಬರೆದು ಮೂರು ಸಲವೂ ಬಿದ್ದ ಮೇಲೆ, ಬರೆಯುವುದಕ್ಕಿಂತ ಬರೆಸುವುದೇ ಲಾಭವೆಂದು ಕಂಡುಕೊಂಡು ಸೆಂಟರನ್ನೇ ಕೊಂಡುಕೊಂಡಿದ್ದ. ಟೀಚರಿಗೂ ಸರ್ಕಾರಿ ಕೆಲಸ ಸಿಕ್ಕಿರಲಿಲ್ಲ. ಬಿ.ಎಡ್. ಮುಗಿಸಿ, ಆಯ್ಕೆಪಟ್ಟಿಯ ಹೊಸ್ತಿಲಿನವರೆಗೆ ಎರಡು ಸಲ ಹೋಗಿ ಹಿಂದೆ ಬಂದು, ವಯೋಮಿತಿ ಮೀರಿದ ಮೇಲೆ ಇಲ್ಲಿ ಸೇರಿದವರು. ನೂರಾರು ಮಂದಿಯನ್ನು ಕಚೇರಿಗಳ ಕುರ್ಚಿಯಲ್ಲಿ ಕೂರಿಸಿ ತಾವು ನಿಂತೇ ಪಾಠ ಮಾಡಿದರು.

ಆದರೆ ಅವರಿಗೊಂದು ಹೆಮ್ಮೆಯಿತ್ತು. ಆ ಭಾಗದ ಮೇಲೆ ಸೆಂಟರ್ ಅಚ್ಚು ಹಾಕಿಸಿದ ಪುಸ್ತಕದ ರಕ್ಷಾಪುಟದಲ್ಲಿ ‘ರತ್ನಾವತಿ, ಕಾಪು’ ಎಂಬ ಹೆಸರಿತ್ತು. ಮದುವೆಯಾಗಲಿಲ್ಲ, ಪಿಂಚಣಿ ಇಲ್ಲ, ಹಲ್ಲು ನೋವಿಗೆ ರಜೆ ಹಾಕಿದರೂ ದುಡ್ಡು ಕತ್ತರಿ. ಇದ್ದದ್ದು ಆ ಪುಸ್ತಕ. ನಾಲ್ಕು ಮುದ್ರಣ ಕಂಡಿತ್ತು. ಕಾರ್ಕಳದ ಪುಸ್ತಕದಂಗಡಿಯಲ್ಲಿ ಅದನ್ನು ಕೇಳಿ ಪಡೆಯುವವರನ್ನು ಒಮ್ಮೆ ಅವರು ಪಕ್ಕದಲ್ಲೇ ನಿಂತು ನೋಡಿದ್ದರು, ಮಾತಾಡಿಸದೆ ಬಂದಿದ್ದರು.

ಈ ಚಟ ಅವರಿಗೆ ಬಂದದ್ದು ಪುಸ್ತಕದಿಂದ ಅಲ್ಲ, ಓದು ಬಾರದ ತಾಯಿಯಿಂದ. ತಾಯಿ ನಳಿನಾಕ್ಷಿ ಕಾಪುವಿನ ಕಡಲ ಬದಿಯವರು. ಬುಟ್ಟಿಯಲ್ಲಿ ಮೀನು ಹೊತ್ತು ಮನೆಮನೆಗೆ ಮಾರಿ ಮಗಳನ್ನು ಓದಿಸಿದವರು. ರತ್ನ ಆಗ ಮೂರನೇ ಕ್ಲಾಸು. ಓದಲು ಬಂದ ಹೊಸತರಲ್ಲಿ ಮಕ್ಕಳಿಗೆ ಕಂಡದ್ದೆಲ್ಲ ಓದಬೇಕು. ತಾಯಿಯ ಹಿಂದೆ ಪೇಟೆಗೆ ಹೋದಾಗ ಬಸ್ ನಿಲ್ದಾಣದ ಗೋಡೆಯಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿ, ತುಳುವಿನಲ್ಲಿ ಅರ್ಥವನ್ನೂ ಹೇಳಿದಳು: ಮನೆಯ ಅನಗತ್ಯ ದೀಪಗಳನ್ನು ಆರಿಸಿ, ವಿದ್ಯುತ್ ಉಳಿಸಿ. ತಾಯಿ ಬುಟ್ಟಿಯನ್ನು ತಲೆಯ ಮೇಲೆ ಸರಿಪಡಿಸಿಕೊಂಡು, ನಿಲ್ಲದೆ ಹೇಳಿದರು:

“ಅದು ನಮಗೆ ಬರೆದದ್ದಲ್ಲ ಮಗಾ. ಬೇಕಾದ್ದಕ್ಕಿಂತ ಹೆಚ್ಚು ದೀಪ ಇರುವವರಿಗೆ ಬರೆದದ್ದು.”

ಅವರ ಮನೆಯಲ್ಲಿ ಆಗ ಇದ್ದದ್ದು ಸೀಮೆಎಣ್ಣೆಯ ಎರಡು ಚಿಮಣಿ. ಒಂದು ಒಡೆದಿತ್ತು. ಕರೆಂಟು ಬಂದದ್ದು ರತ್ನ ಹೈಸ್ಕೂಲು ದಾಟಿದ ಮೇಲೆ.

ಈಗ ನೋಡಿ ವಿಷಯ. ಇಷ್ಟು ಸ್ಪಷ್ಟವಾಗಿ ಕೇಳಿಸಿಕೊಂಡಿದ್ದ ಈ ಹೆಂಗಸು, ಸೆಂಟರಿಗೆ ಸೇರಿದ ಮೊದಲ ವರ್ಷವೇ ಆ ಪಾಠವನ್ನು ಉಲ್ಟಾ ಕಲಿಸಿದರು. ಎಲ್ಲಿಯದೋ ಒಂದು ಗೈಡಿನಲ್ಲಿ ಅದೇ ಪ್ರಶ್ನೆ ಇತ್ತು. ‘ಮನೆಯ ಅನಗತ್ಯ ದೀಪಗಳನ್ನು ಆರಿಸಿ, ವಿದ್ಯುತ್ ಉಳಿಸಿ’ ಎಂಬ ಪ್ರಕಟಣೆ. ಊಹೆ ಒಂದು, ಜನರ ಮನೆಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ದೀಪಗಳು ಉರಿಯುತ್ತವೆ. ಊಹೆ ಎರಡು, ಜನರು ಈ ಮನವಿಗೆ ಓಗೊಡುತ್ತಾರೆ. ಗೈಡಿನ ಉತ್ತರ: ಎರಡನೆಯದು ಮಾತ್ರ. ಕಾರಣ: ಪ್ರಕಟಣೆ ಮನವಿ ಮಾಡಿದೆಯೇ ಹೊರತು ಮನೆಗಳ ಸ್ಥಿತಿಯ ಬಗ್ಗೆ ಏನನ್ನೂ ಹೇಳಿಲ್ಲ. ಹೇಳದೆ ಇದ್ದದ್ದನ್ನು ಹುಡುಕಿ ಎಂದು ಕೇಳಿ, ಹೇಳಿಲ್ಲ ಆದ್ದರಿಂದ ಇಲ್ಲ ಎನ್ನುವ ಉತ್ತರ. ಟೀಚರ್ ಆವತ್ತು ಒಂದು ಕ್ಷಣ ತಡೆದು ನಿಂತದ್ದು ನಿಜ. ಆದರೆ ಮೀನಿನ ಬುಟ್ಟಿಯ ತಾಯಿಯ ಮಾತು ಎಲ್ಲಿ, ಅಚ್ಚಾದ ಪುಸ್ತಕ ಎಲ್ಲಿ. ಅಚ್ಚಾದದ್ದನ್ನೇ ನಂಬಿದರು. ಆಮೇಲೆ ತಮ್ಮ ಪುಸ್ತಕದಲ್ಲಿ ಅದನ್ನೇ ಬಿಡಿಸಿದ ಮಾದರಿಯಾಗಿ ಹಾಕಿದರು. ಮತ್ತೆ ಮತ್ತೆ ಹೇಳಿ ಅದು ಸೂತ್ರವೇ ಆಯಿತು: “ಪ್ರಶ್ನೆ ಓದುವಾಗ ನಿಮ್ಮ ಮನೆಯನ್ನು ಹೊರಗೆ ಬಿಟ್ಟು ಬನ್ನಿ.” ಹುಡುಗರು ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳುತ್ತಿದ್ದರು.

ಪ್ರವೀಣ ಪ್ರತಿ ಮೇ ತಿಂಗಳಲ್ಲಿ ಒಂದು ಪರೀಕ್ಷೆ ಇಡುತ್ತಿದ್ದ. ಮೊದಲು ಬಂದ ಒಬ್ಬರಿಗೆ ಒಂದು ವರ್ಷದ ತರಬೇತಿ, ಮಣಿಪಾಲದ ಹಾಸ್ಟೆಲಿನಲ್ಲಿ ವಾಸ, ಊಟ, ಎಲ್ಲವೂ ಉಚಿತ. ಒಬ್ಬರಿಗೆ ಮಾತ್ರ. ಉಳಿದ ನಾಲ್ಕುನೂರು ಮಂದಿಯ ಫೋನ್ ನಂಬರು ಅವನಿಗೆ ಉಚಿತ. ಆ ವರ್ಷ ತಾರ್ಕಿಕ ಭಾಗದ ಪ್ರಶ್ನೆ ತೆಗೆದವರು ರತ್ನಾವತಿ ಟೀಚರ್. ಹೊಸತು ಮಾಡಲು ಪುರುಸೊತ್ತಿಲ್ಲದೆ ದೀಪದ ಪ್ರಶ್ನೆಯನ್ನು ಪುಸ್ತಕದಿಂದಲೇ ಎತ್ತಿ ಹಾಕಿದರು. ಮೊದಲು ಬಂದವನು ಮಣಿಪಾಲದ ಲಕ್ಷಿತ್ ಎಂಬ ಹುಡುಗ. ತಂದೆ ಕಾಲೇಜಿನಲ್ಲಿ ಪ್ರೊಫೆಸರ್. ಹಾಸ್ಟೆಲಿನಿಂದ ಅವನ ಮನೆಯ ತಾರಸಿ ಕಾಣುತ್ತದೆ. ಒಂದೇ ಅಂಕ ಕಡಿಮೆಯಾಗಿ ಎರಡನೆಯವಳಾದವಳು ಹರ್ಷಿಣಿ.

ಹರ್ಷಿಣಿ ಅಜೆಕಾರಿನಿಂದಲೂ ಒಳಗೆ, ಬಸ್ಸಿಳಿದು ಎರಡು ಮೈಲು ನಡೆಯುವ ಊರಿನವಳು. ಕಾರ್ಕಳದಲ್ಲಿ ಬಿ.ಎ. ಮುಗಿಸಿದ್ದಳು. ತಂದೆ ಕೂಸಪ್ಪ ತೆಂಗಿನ ಮರ ಹತ್ತುವವನು, ತಾಯಿ ಬೀಡಿ ಕಟ್ಟುವವಳು. ಫಲಿತಾಂಶ ಬಂದ ಮೂರನೇ ದಿನ ತಂದೆಯನ್ನು ಕರೆದುಕೊಂಡು ಬೆಳಗ್ಗೆಯೇ ಸೆಂಟರಿಗೆ ಬಂದಳು. ಮೂರು ಮಾಳಿಗೆ ಹತ್ತಿ ಬಂದದ್ದಕ್ಕೆ ಕೂಸಪ್ಪನಿಗೆ ದಮ್ಮು ಕಟ್ಟಿರಲಿಲ್ಲ, ಕುರ್ಚಿಯಲ್ಲಿ ಕೂರಲು ಮಾತ್ರ ಸಂಕೋಚವಾಗಿತ್ತು. ಗೋಡೆಗೆ ಒರಗಿ ನಿಂತ. ಹುಡುಗಿ ಪ್ರಶ್ನೆಪತ್ರಿಕೆ ಬಿಡಿಸಿ ನಲವತ್ತಮೂರನೇ ಪ್ರಶ್ನೆಯ ಮೇಲೆ ಬೆರಳಿಟ್ಟಳು. ತಾನು ‘ಎರಡೂ’ ಎಂದು ಗುರುತು ಹಾಕಿದ್ದು ಏಕೆ ತಪ್ಪು ಎಂದು ತಿಳಿಯಲು ಬಂದದ್ದು, ತಕರಾರು ಮಾಡಲು ಅಲ್ಲ ಎಂದು ಮೊದಲೇ ಹೇಳಿದಳು.

“ನಮ್ಮ ಮನೆಯಲ್ಲಿ ಒಂದೇ ಬಲ್ಬು ಉಂಟು ಮೇಡಂ, ಸರ್ಕಾರದವರು ಕೊಟ್ಟ ಭಾಗ್ಯಜ್ಯೋತಿಯದ್ದು. ಅಡುಗೆಮನೆಗೂ ಚಾವಡಿಗೂ ನಡುವಿನ ಗೋಡೆಯ ಮೇಲೆ ತೂಗು ಹಾಕಿದ್ದೇವೆ, ಎರಡೂ ಕಡೆಗೆ ಬೆಳಕು ಬೀಳಲಿ ಅಂತ. ಇದನ್ನು ಓದಿದಾಗ ನಮ್ಮಲ್ಲಿ ಅನಗತ್ಯ ಯಾವುದು ಅಂತ ಯೋಚಿಸಿದೆ. ಯಾವುದೂ ಇಲ್ಲ. ಹಾಗಾದರೆ ಇದನ್ನು ಬರೆದವರು ಎಲ್ಲರ ಮನೆಯಲ್ಲೂ ಹೆಚ್ಚು ಉಂಟು ಅಂತ ಎಣಿಸಿಯೇ ಬರೆದದ್ದಲ್ವಾ? ಅದು ಊಹೆ ಅಲ್ಲದಿದ್ದರೆ ಮತ್ತೆ ಎಂತ ಮೇಡಂ?”

ರತ್ನಾವತಿ ಟೀಚರ್ ಪ್ರಶ್ನೆಯನ್ನು ಇನ್ನೊಮ್ಮೆ ಓದಿದರು. ಈ ಹುಡುಗಿ ಹೇಳಿದ್ದರಲ್ಲಿ ಕೂದಲೆಳೆಯಷ್ಟು ತಪ್ಪಿರಲಿಲ್ಲ. ಆ ಊಹೆ ಲೋಕದಲ್ಲಿ ನಿಜವೇ ಸುಳ್ಳೇ ಎಂದು ಅವಳು ಗೊಂದಲ ಮಾಡಿಕೊಂಡಿರಲಿಲ್ಲ. ಅದು ಬರೆದವನ ತಲೆಯಲ್ಲಿ ಇತ್ತು ಎಂದಳು, ಅಷ್ಟೆ. ಪ್ರಶ್ನೆ ಕೇಳಿದ್ದೂ ಅದನ್ನೇ. ನಲವತ್ತು ವರ್ಷದ ಹಿಂದೆ ಕಾಪುವಿನ ಬಸ್ ನಿಲ್ದಾಣದಲ್ಲಿ ತಾಯಿ ಹೇಳಿದ ಮಾತನ್ನು, ಯಾರೂ ಹೇಳಿಕೊಡದೆ, ಅಜೆಕಾರಿನ ಒಂದು ಬಲ್ಬಿನ ಕೆಳಗೆ ಕೂತವಳು ಹೇಳುತ್ತಿದ್ದಳು. ಟೀಚರಿಗೆ ಮೊದಲು ಆದದ್ದು ನಾಚಿಕೆ, ಅದರ ಬೆನ್ನಿಗೇ ಸಿಟ್ಟು. ಸಿಟ್ಟು ಹುಡುಗಿಯ ಮೇಲೆ ಎಂಬುದು ಇನ್ನೂ ನಾಚಿಕೆಯ ವಿಷಯ.

ಒಂದು ನಿಮಿಷ ಎಂದು ಹೇಳಿ ಪ್ರವೀಣನ ಕೋಣೆಗೆ ಹೋದರು. ‘ಹೊರಗೆ ಹೋಗುವಾಗ ದೀಪ, ಫ್ಯಾನ್ ಆರಿಸಿ’ ಎಂಬ ಚೀಟಿ ತರಗತಿಗಳ ಬಾಗಿಲಿಗೆಲ್ಲ ಅಂಟಿಸಿದವನ ಕೋಣೆಯಲ್ಲಿ, ಅವನು ಇರಲಿ ಬಿಡಲಿ, ಏಸಿ ಓಡುತ್ತಿತ್ತು. ವಿಷಯ ಹೇಳಿದರು: ಹುಡುಗಿಯದು ಸರಿ, ಲಕ್ಷಿತ್ ಹಾಕಿದ ಪುಸ್ತಕದ ಉತ್ತರ ತಪ್ಪು, ಸೀಟು ಅವಳಿಗೆ ಹೋಗಬೇಕು. ಪ್ರವೀಣ ಕೂಗಾಡುತ್ತಾನೆ, ಹುಡುಗನ ಫೋಟೋದ ಫ್ಲೆಕ್ಸ್ ಹಾಕಿ ಆಯಿತು, ಪೇಪರಿಗೆ ಕೊಟ್ಟಾಯಿತು ಎನ್ನುತ್ತಾನೆ ಎಂದು ಟೀಚರ್ ಎಣಿಸಿದ್ದರು. ಹಾಗೆ ಮಾಡಿದ್ದರೆ ಅವರಿಗೂ ಜಗಳಕ್ಕೆ ಒಂದು ಹಿಡಿ ಸಿಗುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ಪುಸ್ತಕವನ್ನು ಕಪಾಟಿನಿಂದ ತೆಗೆದು, ಆ ಪುಟ ಬಿಡಿಸಿ, ಮೆಲ್ಲಗೆ ಅವರ ಮುಂದೆ ಇಟ್ಟ.

“ನನಗೆ ಇದೆಲ್ಲ ಎಂತ ಗೊತ್ತು ಟೀಚರೇ, ಮೂರು ಸಲ ಬಿದ್ದವನು ನಾನು. ಪುಸ್ತಕದ ಮೇಲೆ ಹೆಸರು ನಿಮ್ಮದು. ಇದು ತಪ್ಪು ಅಂತ ನೀವು ಬರೆದು ಕೊಡಿ, ನಾಳೆಯೇ ಫ್ಲೆಕ್ಸ್ ಇಳಿಸುತ್ತೇನೆ. ಪುಸ್ತಕವನ್ನೂ ಅಂಗಡಿಯಿಂದ ಹಿಂದೆ ತರಿಸುತ್ತೇನೆ.”

ನಿಜಕ್ಕೂ ಇಳಿಸುತ್ತಿದ್ದನೋ ಇಲ್ಲವೋ ದೇವರಿಗೇ ಗೊತ್ತು. ಟೀಚರ್ ಅವನನ್ನು ಪರೀಕ್ಷಿಸಲು ಹೋಗಲಿಲ್ಲ. ಬರೆದು ಕೊಡಲು ಪೆನ್ನು ಅವರ ಕೈಯಲ್ಲೇ ಇತ್ತು. ಪುಟದ ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ‘ರತ್ನಾವತಿ, ಕಾಪು’ ಎಂದಿತ್ತು, ಎಲ್ಲ ಪುಟಗಳಲ್ಲಿಯೂ ಇರುವಂತೆ. ಹದಿನಾರು ವರ್ಷ ಕಲಿಸಿದ ಹುಡುಗರು, ಅವರು ಬರೆದ ಪರೀಕ್ಷೆಗಳು, ಅಂಗಡಿಯಲ್ಲಿ ಕೇಳಿ ಪಡೆದವರು, ಎಲ್ಲರೂ ಬಂದು ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದಂತಾಯಿತು. ಒಂದು ಪ್ರಶ್ನೆ ತಪ್ಪೆಂದರೆ ಮತ್ತೆಷ್ಟು ತಪ್ಪು ಎಂದು ಯಾರಾದರೂ ಹುಡುಕಲು ಶುರು ಮಾಡುತ್ತಾರೆ. ಅವರು ಪುಸ್ತಕ ಮುಚ್ಚಿದರು.

ಹೊರಗೆ ಬಂದು ಹುಡುಗಿಗೆ ವಿವರಿಸಿದರು. ಚೆನ್ನಾಗಿಯೇ ವಿವರಿಸಿದರು, ಅದು ಅವರ ಕಸುಬು. ಪ್ರಕಟಣೆ ಮನವಿ ಮಾಡಿದೆ, ಮನೆಗಳ ಬಗ್ಗೆ ಹೇಳಿಲ್ಲ. ನೀನು ನಿನ್ನ ಮನೆಯನ್ನು ಪ್ರಶ್ನೆಯೊಳಗೆ ತಂದೆ, ಎಡವಿದ್ದು ಅಲ್ಲಿ. ಪರೀಕ್ಷೆಯ ಕೋಣೆಗೆ ಮನೆಯನ್ನು ಹೊರಗೆ ಬಿಟ್ಟು ಬರಬೇಕು. ಹರ್ಷಿಣಿಯ ಮುಖದಲ್ಲಿ ಒಂದು ಗಳಿಗೆ ಒಪ್ಪದ ಭಾವ ಬಂತು. ಅದು ಹಾಗೆಯೇ ಇದ್ದು ಅವಳು ಇನ್ನೊಂದು ಮಾತು ಕೇಳಿದ್ದರೆ ಟೀಚರ್ ಸೋತುಬಿಡುತ್ತಿದ್ದರೋ ಏನೋ. ಅವಳು ಕೇಳಲಿಲ್ಲ. ಹೌದು ಮೇಡಂ, ನಾನು ಹಾಗೆ ಯೋಚಿಸಲಿಲ್ಲ ಎಂದಳು. ಚೀಲದಿಂದ ನೋಟ್‌ಬುಕ್ ತೆಗೆದು, ಟೀಚರ್ ಹೇಳಿದ ಸೂತ್ರವನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದಳು. ಗೋಡೆಗೆ ಒರಗಿದ್ದ ಕೂಸಪ್ಪ ಟೀಚರಿಗೆ ಕೈ ಮುಗಿದ. ಇಷ್ಟು ಹೊತ್ತು ಕೂತು ಬಿಡಿಸಿ ಹೇಳಿದ್ದು ದೊಡ್ಡ ಉಪಕಾರ ಎಂದ.

ಅವರು ಮೆಟ್ಟಿಲಿಳಿಯುವಾಗ ಟೀಚರಿಗೆ ತಡೆಯಲಾಗಲಿಲ್ಲ. ಹಿಂದೆಯೇ ಓಡಿ ಹೋಗಿ ತಮ್ಮ ಪುಸ್ತಕದ ಒಂದು ಪ್ರತಿಯನ್ನು ಹುಡುಗಿಯ ಕೈಯಲ್ಲಿಟ್ಟರು. ಒಳಗೆ ‘ಹರ್ಷಿಣಿಗೆ, ಶುಭ ಹಾರೈಕೆಗಳೊಂದಿಗೆ’ ಎಂದು ಬರೆದು ಸಹಿ ಹಾಕಿದ್ದರು. ಸೀಟು ಕಿತ್ತುಕೊಂಡ ಕೈಯಿಂದಲೇ ಸೀಟು ಕಿತ್ತುಕೊಂಡ ಪುಸ್ತಕವನ್ನೇ ಉಡುಗೊರೆ ಕೊಟ್ಟು ಪಾಪ ಕಳೆದುಕೊಳ್ಳಲು ನೋಡಿದರು. ಮನುಷ್ಯರು ಎಂತೆಂತಹ ಕೆಲಸ ಮಾಡುತ್ತಾರೆ ಎಂದರೆ, ಹೀಗೆ ಮಾಡುತ್ತಾರೆ.

ಆವತ್ತು ಸಂಜೆ ಕಾಪುವಿನ ಮನೆಯಲ್ಲಿ ಟೀಚರ್ ಮೊದಲ ಸಲ ತಮ್ಮ ಮನೆಯ ದೀಪಗಳನ್ನು ಎಣಿಸಿದರು. ಗೇಟಿನ ಎರಡು ಸೇರಿ ಹನ್ನೊಂದು. ಇರುವವರು ಇಬ್ಬರು. ತಾಯಿ ನಳಿನಾಕ್ಷಿಗೆ ಈಗ ಎಪ್ಪತ್ತು ದಾಟಿದೆ, ಬುಟ್ಟಿ ಇಳಿಸಿ ಬಹಳ ವರ್ಷವಾಯಿತು. ಎಂತ ಎಣಿಸುವುದು ಎಂದು ತಾಯಿ ಕೇಳಿದ್ದಕ್ಕೆ, ನಾನು ಸಣ್ಣವಳಿದ್ದಾಗ ನೀನು ಹೇಳಿದ್ದು ನೆನಪುಂಟಾ ಅಮ್ಮ, ಗೋಡೆಯ ಬರಹದ ವಿಷಯ ಎಂದರು. ತಾಯಿಗೆ ನೆನಪಿರಲಿಲ್ಲ. ಎಷ್ಟೋ ಗೋಡೆಯಲ್ಲಿ ಎಷ್ಟೋ ಬರೆಯುತ್ತಿದ್ದರು, ಅದನ್ನೆಲ್ಲ ನೆನಪಿಟ್ಟರೆ ಮೀನು ಮಾರುವುದು ಯಾರು ಎಂದು ಹೇಳಿ ಧಾರಾವಾಹಿಯ ಕಡೆ ತಿರುಗಿದರು.

ಟೀಚರ್ ಮುಂದಿನ ಮುದ್ರಣದಲ್ಲಿ ಸದ್ದಿಲ್ಲದೆ ಆ ಉತ್ತರವನ್ನು ತಿದ್ದಬೇಕು ಎಂದುಕೊಂಡರು. ಹಾಗೆ ಅಂದುಕೊಂಡದ್ದರಿಂದ ಎದೆಯ ಭಾರ ಎಷ್ಟೋ ಕಡಿಮೆಯಾಯಿತು. ಮಳೆಗಾಲ ಕಳೆಯಿತು, ಹೊಸ ಬ್ಯಾಚು ಬಂತು, ಪಾಠದಲ್ಲಿ ದೀಪದ ಪ್ರಶ್ನೆ ಬಂದಾಗ ಅದನ್ನು ಹಾರಿಸಿ ಮುಂದಿನದಕ್ಕೆ ಹೋದರು. ತಪ್ಪು ಹೇಳಲಿಲ್ಲ, ಸರಿಯನ್ನೂ ಹೇಳಲಿಲ್ಲ; ಹಳೆಯ ಸೂತ್ರ ಮಾತ್ರ ಅಭ್ಯಾಸಬಲದಿಂದ ಬಾಯಿಗೆ ಬರುತ್ತಲೇ ಇತ್ತು. ಲಕ್ಷಿತ್ ಹಾಸ್ಟೆಲಿನಲ್ಲಿ ಮೂರು ತಿಂಗಳಿದ್ದು, ಬೇರೆ ಕಡೆ ಸೀಟು ಸಿಕ್ಕಿತೆಂದು ಹೊರಟುಹೋದ. ಅವನ ಉಚಿತ ಸೀಟು ಖಾಲಿ ಬಿತ್ತು. ಅದನ್ನು ಎರಡನೆಯವಳಿಗೆ ಕೊಡಬಹುದಲ್ಲ ಎಂದು ಟೀಚರ್ ಒಮ್ಮೆ ಬಾಯಿ ತೆರೆದರು. ನಿಯಮದಲ್ಲಿ ಹಾಗೆ ಇಲ್ಲ ಎಂದ ಪ್ರವೀಣ. ಒತ್ತಾಯಿಸಿದರೆ ಹಳೆಯ ಮಾತು ಬರುತ್ತದೆಂದು ಅವರೂ ಬಾಯಿ ಮುಚ್ಚಿದರು.

ಫೆಬ್ರವರಿಯ ಒಂದು ಮಧ್ಯಾಹ್ನ, ಸೆಂಟರಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದಾಗ ಹರ್ಷಿಣಿಯ ಫೋನು ಬಂತು. ಹುಡುಗಿಯ ಸ್ವರದಲ್ಲಿ ಉತ್ಸಾಹವಿತ್ತು. ತರಬೇತಿಗೆ ಹೋಗಲಾಗದೆ ಮನೆಯಲ್ಲೇ ಓದಿ ಜನವರಿಯಲ್ಲಿ ಗುಮಾಸ್ತ ಹುದ್ದೆಯ ಪರೀಕ್ಷೆ ಬರೆದಿದ್ದಳಂತೆ. ತಾರ್ಕಿಕ ಭಾಗಕ್ಕೆ ಮೇಡಂ ಕೊಟ್ಟ ಪುಸ್ತಕ ಬಿಟ್ಟು ಬೇರೇನೂ ಮುಟ್ಟಲಿಲ್ಲವಂತೆ, ಮೂರು ಸಲ ತಿರುವಿ ಹಾಕಿದಳಂತೆ. ಈಗ ತಾತ್ಕಾಲಿಕ ಉತ್ತರಗಳು ಪ್ರಕಟವಾಗಿವೆ. ಎಣಿಸಿ ನೋಡಿದರೆ ಕಳೆದ ಸಲದ ಆಯ್ಕೆಯ ಗೆರೆಗೆ ಒಂದೇ ಪ್ರಶ್ನೆ ಕಡಿಮೆ. ಅದು ಯಾವ ಪ್ರಶ್ನೆ ಗೊತ್ತುಂಟಾ ಮೇಡಂ ಎಂದು ಕೇಳಿ ಅವಳೇ ಹೇಳಿದಳು: ಕಚೇರಿಯ ಅನಗತ್ಯ ದೀಪ, ಫ್ಯಾನುಗಳನ್ನು ಆರಿಸಿ ಎಂಬ ಪ್ರಕಟಣೆ. ಊಹೆಗಳೂ ಹೆಚ್ಚುಕಡಿಮೆ ಅವೇ.

“ಮೊದಲು ಎರಡೂ ಅಂತ ಗುರುತು ಹಾಕಲು ಹೊರಟಿದ್ದೆ ಮೇಡಂ. ಆಗ ನಿಮ್ಮ ಮಾತು ನೆನಪಾಯಿತು. ಮನೆಯನ್ನು ಹೊರಗೆ ಬಿಟ್ಟು, ಎರಡನೆಯದು ಮಾತ್ರ ಅಂತ ಹಾಕಿದೆ. ಅವರು ಉತ್ತರ ಎರಡೂ ಅಂತ ಕೊಟ್ಟಿದ್ದಾರೆ. ಆಕ್ಷೇಪಣೆ ಸಲ್ಲಿಸಲು ನಾಡಿದ್ದಿನವರೆಗೆ ಸಮಯ ಉಂಟು. ನಿಮ್ಮ ಪುಸ್ತಕದ ಆ ಪುಟವನ್ನು ಆಧಾರ ಅಂತ ಲಗತ್ತಿಸುತ್ತೇನೆ. ಜೊತೆಗೆ ನೀವು ನಾಲ್ಕು ಸಾಲು ಬರೆದು ಸಹಿ ಹಾಕಿ ಕೊಟ್ಟರೆ ಬಲ ಬರ್ತದೆ. ಅಪ್ಪ ಈಗಲೇ ಹೊರಟು ಬರುತ್ತಾರೆ.”

ಟೀಚರ್ ಕಲಸಿದ ಅನ್ನದಿಂದ ಕೈ ತೆಗೆದರು. ನಾಲ್ಕು ಸಾಲು ಬರೆಯುವುದು ಅವರಿಗೆ ಕಷ್ಟವಿರಲಿಲ್ಲ. ಎರಡನೆಯದು ಮಾತ್ರ ಏಕೆ ಸರಿ ಎಂದು ಕಣ್ಣು ಮುಚ್ಚಿ ಬರೆಯಬಲ್ಲರು. ಬರೆದು ಕೊಟ್ಟರೆ ಹುಡುಗಿಯ ಕಣ್ಣಿನಲ್ಲಿ ಕೊನೆಯವರೆಗೆ ಒಳ್ಳೆಯ ಮೇಡಂ ಆಗಿಯೇ ಉಳಿಯಬಹುದು. ಆಕ್ಷೇಪಣೆ ಬಿದ್ದುಹೋಗುತ್ತದೆ, ದೋಷ ಸರ್ಕಾರದ ಮೇಲೆ ಹೋಗುತ್ತದೆ, ಕೂಸಪ್ಪ ಇನ್ನೊಮ್ಮೆ ಕೈ ಮುಗಿಯುತ್ತಾನೆ. ಆ ಮುಗಿದ ಕೈ ನೆನಪಾಗಿ ಅವರು ಬುತ್ತಿಯನ್ನು ದೂರ ಸರಿಸಿದರು.

“ಅಪ್ಪನನ್ನು ಕಳಿಸಬೇಡ ಹರ್ಷಿಣಿ,” ಎಂದರು. “ಅವರು ಕೊಟ್ಟ ಉತ್ತರ ಸರಿ ಉಂಟು. ನೀನು ಮೊದಲು ಹೇಳಿದ್ದೇ ಸರಿ.”

 ಆ ಕಡೆ ಯಾರೋ ಬೀಡಿಯ ಎಲೆ ಕತ್ತರಿಸುವ ಕತ್ತರಿಯ ಸದ್ದು ಕೇಳುತ್ತಿತ್ತು.

“ಆವತ್ತೂ ನಿಮಗೆ ಗೊತ್ತಿತ್ತಾ ಮೇಡಂ?”

ಗೊತ್ತಿರಲಿಲ್ಲ ಎಂದರೆ ಮುಗಿಯುತ್ತಿತ್ತು. ತಪ್ಪಿ ಆದದ್ದನ್ನು ಯಾರು ಬೇಕಾದರೂ ಕ್ಷಮಿಸುತ್ತಾರೆ. ರತ್ನಾವತಿ ಟೀಚರ್ ತಮ್ಮ ಆಯುಷ್ಯದಲ್ಲಿ ಆ ಒಂದು ಮಾತನ್ನು ಮಾತ್ರ ಲೆಕ್ಕಾಚಾರವಿಲ್ಲದೆ ಆಡಿದರು.

“ಗೊತ್ತಿತ್ತು.”

ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದರು. ಹುಡುಗಿ ಅಳಲಿಲ್ಲ. ಅವಳು ಕಾಗದ ಮಡಚಿಟ್ಟ ಸದ್ದು ಕೇಳಿಸಿತು. ತಾಯಿಗೆ ತುಳುವಿನಲ್ಲಿ ಏನೋ ಹೇಳಿದಳು, ಅಪ್ಪ ಹೊರಡುವುದು ಬೇಡವಂತೆ ಎಂದಿರಬೇಕು. ಮತ್ತೆ ಫೋನಿಗೆ ಬಂದಳು.

“ಹಾಗಾದರೆ ಆಕ್ಷೇಪಣೆ ಹಾಕುವುದು ಬೇಡ,” ಎಂದಳು. “ನಿಮ್ಮ ಪುಸ್ತಕ ಅಪ್ಪ ಉಡುಪಿಗೆ ಬಂದಾಗ ತಂದು ಕೊಡುತ್ತಾರೆ.”

ಫೋನು ಇಟ್ಟಳು. ಆ ಕೊನೆಯ ಎರಡು ಮಾತುಗಳಲ್ಲಿ ಮೇಡಂ ಇರಲಿಲ್ಲ. ರತ್ನಾವತಿ ಟೀಚರ್ ಬುತ್ತಿ ಮುಚ್ಚಿ ಕೈ ತೊಳೆದು ಎರಡು ಗಂಟೆಯ ತರಗತಿಗೆ ಹೋದರು. ಅರವತ್ತು ಹುಡುಗರು ಎದ್ದು ನಿಂತರು. ಮೊದಲ ಬೆಂಚಿನವಳ ಮುಂದೆ ನೋಟ್‌ಬುಕ್ ತೆರೆದಿತ್ತು, ಅದರ ಮೊದಲ ಪುಟದಲ್ಲಿ ಅವರ ಸೂತ್ರವಿತ್ತು.